ಬರ್ತೀನಿ ಅಂದವರ ಚೀಟಿ

ಮೊದಲ ದೂರು ಮಂಡ್ಯದಿಂದ ಬಂತು.

"ಮೇಡಂ, ನಮ್ಮತ್ತೆ ದಿನಾ ಹನ್ನೊಂದು ತಟ್ಟೆ ಹಾಕ್ತಾವ್ರೆ. ಮನೇಲಿರೋರು ಮೂರು ಜನ. ಯಾರಿಗತ್ತೆ ಇಷ್ಟೊಂದು ಅಂದ್ರೆ, ಬಂದೋರು ಒಬ್ರೂ ಹೋಗಿಲ್ವಲ್ಲ, ಹಸ್ಕೊಂಡು ಕೂತಿರ್ತಾರೆ ಅಂತಾರೆ. ಹೋದ ವಾರ ನಲ್ಲಿ ರಿಪೇರಿಗೆ ಬಂದಿದ್ನಲ್ಲ, ಅವನಿಗೂ ಒಂದು ತಟ್ಟೆ!"

ನಾನು ಪರದೆಯ ಮೇಲೆ 'ಬಳಸುವವರ ತಪ್ಪು' ಎಂಬ ಚೌಕಕ್ಕೆ ಗುರುತು ಹಾಕಿ ಆ ದೂರನ್ನು ಮುಚ್ಚಿಬಿಟ್ಟೆ. ತಪ್ಪು ಬಳಸುವವರದ್ದಲ್ಲ, ಯಂತ್ರದ್ದು ಅಂತ ನನಗೆ ಆ ಕ್ಷಣದಲ್ಲೇ ಹೊಳೆದಿತ್ತು. ಯಾಕೆಂದರೆ ನಮ್ಮ ಮನೆಯ ಅಡುಗೆಕಟ್ಟೆಯ ಮೇಲೂ ಒಂದು ತಿಂಗಳಿಂದ ಬೆಳಗಾದರೆ ಒಂಬತ್ತು ಕಾಫಿ ಲೋಟಗಳು ಸಾಲಾಗಿ ನಿಲ್ಲುತ್ತಿದ್ದವು. ನಮ್ಮ ಮನೆಯಲ್ಲಿ ನಾವಿರುವುದು ಇಬ್ಬರು, ನಾನು ಮತ್ತು ನನ್ನ ಅಕ್ಕ. ಗೊತ್ತಿದ್ದೂ ಯಾಕೆ ಮುಚ್ಚಿದೆ ಅನ್ನುವುದನ್ನು ಹೇಳುತ್ತೇನೆ. ಆಮೇಲೆ ಬೈಯಬೇಕು ಅನ್ನಿಸಿದರೆ ಬೈಯಿರಿ.

ನನ್ನ ಹೆಸರು ನೀಲಾಂಬಿಕೆ. ಮೈಸೂರಿನಲ್ಲಿರುವ ಓಲೆ ಕಂಪನಿಯ ಕಂಟ್ರೋಲ್ ರೂಮಿನಲ್ಲಿ ಹಗಲು ಪಾಳಿಯ ಮುಖ್ಯಸ್ಥೆ. ಕೂತ ಕಡೆ ಕೂರುವ ಜಾಯಮಾನ ನನ್ನದಲ್ಲ. ಹೆಡ್‌ಫೋನ್ ಹಾಕಿಕೊಂಡು ಕೋಣೆಯ ಈ ಗೋಡೆಯಿಂದ ಆ ಗೋಡೆಗೆ ತಿರುಗುತ್ತಲೇ ಇರುತ್ತೇನೆ. "ಮೇಡಂ ಕುರ್ಚಿ ನಾಲ್ಕು ವರ್ಷದಿಂದ ಹೊಸದಾಗೇ ಇದೆ" ಅಂತ ನಮ್ಮ ಸಿಸ್ಟಮ್ ನೋಡಿಕೊಳ್ಳುವ ಇಮ್ತಿಯಾಜ್ ಆಡಿಕೊಳ್ಳುತ್ತಾನೆ.

ಓಲೆ ಎಂದರೆ ಕಿವಿಯ ಹಿಂದೆ ಅಂಟಿಸಿಕೊಳ್ಳುವ, ಹುಣಸೆ ಬೀಜದಷ್ಟು ದೊಡ್ಡ ಯಂತ್ರ. ಕಂಪನಿಯವರು ಅದಕ್ಕೆ ನಾಲಿಗೆ ತಿರುಗದ ಹೆಸರೊಂದನ್ನು ಇಟ್ಟಿದ್ದರು. ಕಿವಿಯಲ್ಲಿರುತ್ತದೆ, ಸುದ್ದಿಯನ್ನೂ ಮುಟ್ಟಿಸುತ್ತದೆ ಅಂತ ನಮ್ಮ ಜನ ಓಲೆ ಎಂದರು. ಕೊನೆಗೆ ಕಂಪನಿಯೂ ಸೋತು ಅದನ್ನೇ ಬೋರ್ಡಿಗೆ ಬರೆಸಿತು. ಮಿದುಳಿಗೆ ಪೆಟ್ಟು ಬಿದ್ದೋ ಜ್ವರ ಏರಿಯೋ ಹೊಸ ನೆನಪು ನಿಲ್ಲದವರಿಗಾಗಿ ಮಾಡಿದ್ದು ಅದು. ಅಂಥವರಿಗೆ ಮದುವೆಯ ದಿನ ಉಟ್ಟ ಸೀರೆಯ ಬಣ್ಣ ಗೊತ್ತಿರುತ್ತದೆ, ಬೆಳಗ್ಗೆ ತಿಂಡಿ ತಿಂದದ್ದು ಗೊತ್ತಿರುವುದಿಲ್ಲ.

ಕೆಲಸಕ್ಕೆ ಹೊಸದಾಗಿ ಸೇರಿದವರಿಗೆ ಇಮ್ತಿಯಾಜ್ ಹೀಗೆ ಪಾಠ ಹೇಳುತ್ತಾನೆ: "ನೀವು ಬ್ರೌಸರಿನಲ್ಲಿ ಒಂದು ಜಾಲತಾಣ ತೆಗೆದು ಹೆಸರು, ಪಾಸ್‌ವರ್ಡ್ ಕೊಡ್ತೀರಿ. ಆ ಜಾಲತಾಣಕ್ಕೆ ನೆನಪು ಅನ್ನೋದೇ ಇಲ್ಲ. ಇನ್ನೊಂದು ಪುಟ ಒತ್ತಿದ್ರೆ ಮತ್ತೆ 'ನೀವ್ಯಾರು' ಅನ್ನುತ್ತೆ. ಅದಕ್ಕೇ ಮೊದಲ ಸಲಾನೇ ಒಂದು ಚೀಟಿ ಕೊಟ್ಟಿರುತ್ತೆ, ಕುಕೀ ಅಂತಾರಲ್ಲ, ಅದು. ಬ್ರೌಸರು ಪ್ರತಿ ಸಲ ಆ ಚೀಟಿ ತೋರಿಸುತ್ತೆ, ಇವರು ಅವರೇ ಕಣಪ್ಪ, ಒಳಗೆ ಬಿಡು ಅಂತ. ಕೆಲವು ಚೀಟಿಗೆ ತಾರೀಖು ಬರೆದಿರುತ್ತೆ, ಅಲ್ಲೀವರೆಗೂ ಬದುಕಿರ್ತವೆ. ಕೆಲವಕ್ಕೆ ತಾರೀಖಿಲ್ಲ. ಬ್ರೌಸರು ಮುಚ್ಚಿದ್ರೆ ಅವೂ ಸತ್ತವು. ಅದು ಸೆಷನ್ ಚೀಟಿ. ನಮ್ಮ ಓಲೇನೂ ಅಷ್ಟೇ."

ಯಾರಾದರೂ ಮನೆಗೆ ಬಂದು ಮಾತಾಡಿದರೆ ಆ ದನಿಯ ಹೆಸರಿನಲ್ಲಿ ಓಲೆಯೊಳಗೆ ಒಂದು ಚೀಟಿ ತೆರೆದುಕೊಳ್ಳುತ್ತದೆ. ಅವರೆದುರು ಆಡಿದ್ದು, ನಡೆದದ್ದು ಎಲ್ಲ ಅದಕ್ಕೆ ಸೇರುತ್ತದೆ. ಚೀಟಿ ತೆರೆದಿರುವಷ್ಟು ಹೊತ್ತು ಅದು ಧರಿಸಿದವರ ತಲೆಯಲ್ಲಿ ಸಾಕ್ಷಾತ್ ನೆನಪಾಗಿಯೇ ಇರುತ್ತದೆ. ಬಂದವರು ಹೊರಟ ಮೇಲೆ ಅಳಿಸಿಹೋಗುತ್ತದೆ. ಕಾನೂನು ಹಾಗಿದೆ. ಇನ್ನೊಬ್ಬರ ಮಾತನ್ನು, ಮಾತು ಮುಗಿದ ಮೇಲೂ ಯಂತ್ರದಲ್ಲಿ ಇಟ್ಟುಕೊಳ್ಳುವಂತಿಲ್ಲ. ತಾರೀಖಿನ ಚೀಟಿಯೂ ಉಂಟು, ಆದರೆ ಅದರಲ್ಲಿ ಹಿಡಿಯುವುದು ಒಂದೇ ಸಾಲು. 'ಇವಳು ನೀಲ, ನಿಮ್ಮ ತಂಗಿ, ಮೈಸೂರಲ್ಲಿ ಕೆಲಸ.' ಅಷ್ಟೇ.

ಎರಡು ತಿಂಗಳ ಹಿಂದೆ ಓಲೆಗೆ ಹೊಸ ಆವೃತ್ತಿ ಬಂತು. ಅದಕ್ಕೂ ಮೊದಲು ಹತ್ತು ನಿಮಿಷ ಒಬ್ಬರ ದನಿ ಕೇಳದಿದ್ದರೆ ಅವರ ಚೀಟಿ ಮುಚ್ಚಿಹೋಗುತ್ತಿತ್ತು. ಮಗ ಸ್ನಾನಕ್ಕೆ ಹೋಗಿ ಬರುವಷ್ಟರಲ್ಲಿ ತಾಯಿ ಅವನಾಡಿದ್ದನ್ನು ಮರೆತಿರುತ್ತಿದ್ದಳು. ಜನ ಗಲಾಟೆ ಮಾಡಿದರು. ಅದಕ್ಕೆ ಹೊಸ ಆವೃತ್ತಿಯಲ್ಲಿ, ಹೊರಡುವವರು ಹೊರಡುವ ಮಾತು ಆಡಿದರೆ ಮಾತ್ರ ಚೀಟಿ ಮುಚ್ಚುವಂತೆ ಮಾಡಿದರು. ಬ್ಯಾಟರಿ ತೀರಿ ಓಲೆ ಆರಿಹೋದರೆ, ಮತ್ತೆ ಹೊತ್ತಿದಾಗ ಬಿಟ್ಟಲ್ಲಿಂದಲೇ ಶುರುವಾಗುವ ಅನುಕೂಲವನ್ನೂ ಇಟ್ಟರು. ಕೆಲವು ಬ್ರೌಸರುಗಳಲ್ಲೂ ಈ ಅನುಕೂಲ ಉಂಟಂತೆ. ಅದನ್ನು ಒತ್ತಿಟ್ಟರೆ ಸಾಯಬೇಕಾದ ಸೆಷನ್ ಚೀಟಿಗಳೂ ಮರುದಿನ ಎದ್ದು ಕೂರುತ್ತವೆ ಅಂತ ಇಮ್ತಿಯಾಜ್ ಹೇಳಿದ್ದ.

ಇನ್ನು ನಮ್ಮ ಮನೆಯ ಕಥೆ.

ನನ್ನ ಅಕ್ಕ ಗಂಗಾಂಬಿಕೆ. ನಂಜನಗೂಡಿನಲ್ಲಿ ಮನೆ. ಐದು ವರ್ಷದ ಹಿಂದೆ ಮಿದುಳು ಜ್ವರ ಬಂದು ಬದುಕಿಕೊಂಡಳು, ಆದರೆ ಅವತ್ತಿನಿಂದ ಯಾವ ಹೊಸ ದಿನವೂ ಅವಳ ತಲೆಯಲ್ಲಿ ನಿಲ್ಲಲಿಲ್ಲ. ಜ್ವರ ಬಿಟ್ಟ ಎರಡೇ ತಿಂಗಳಿಗೆ ನಮ್ಮವ್ವ ತೀರಿಕೊಂಡಳು. ಆಗ ಓಲೆ ಇನ್ನೂ ಬಂದಿರಲಿಲ್ಲ. "ಅವ್ವ ಎಲ್ಲೇ?" ಅಂತ ಅಕ್ಕ ಕೇಳುತ್ತಿದ್ದಳು. ಹೇಳುತ್ತಿದ್ದೆ. ಎದೆ ಬಡಿದುಕೊಂಡು ಅಳುತ್ತಿದ್ದಳು. ಮರುದಿನ ಬೆಳಗ್ಗೆ ಮತ್ತೆ, "ಅವ್ವ ಎಲ್ಲೇ?" ಹನ್ನೊಂದು ದಿನ ಹನ್ನೊಂದು ಸಲ ನಮ್ಮವ್ವ ಆ ಮನೆಯಲ್ಲಿ ಹೊಸದಾಗಿ ಸತ್ತಳು. ಹನ್ನೆರಡನೇ ದಿನ ನನ್ನ ಕೈಲಾಗಲಿಲ್ಲ. "ಅವ್ವ ಚಿಕ್ಕಪ್ಪನ ಮನೆಗೆ ಹೋಗವ್ಳೆ" ಅಂದುಬಿಟ್ಟೆ. ಆಮೇಲೆ ಕೇಳಿದಾಗಲೆಲ್ಲ ಅದನ್ನೇ ಹೇಳಿದೆವು, ಈಗಲೂ ನನ್ನ ಅಕ್ಕನ ಪಾಲಿಗೆ ನಮ್ಮವ್ವ ಚಿಕ್ಕಪ್ಪನ ಮನೆಯಲ್ಲೇ ಇದ್ದಾಳೆ.

ನಮ್ಮ ಭಾವ ಮಹದೇವಸ್ವಾಮಿ ಬಸ್ ಕಂಡಕ್ಟರಾಗಿದ್ದವರು. ನಿವೃತ್ತಿಯಾದ ಮೇಲೂ ಬಾಯಲ್ಲಿ ಬರೀ ಬಸ್ಸಿನ ಮಾತೇ. ಅಕ್ಕ ಸ್ನಾನಕ್ಕೆ ಹೋದರೆ ಬಾಗಿಲು ತಟ್ಟಿ "ಬೇಗ ಇಳೀರಿ, ಸ್ಟಾಪು ಬಂತು" ಅನ್ನುವ ಮನುಷ್ಯ. ಅವಳನ್ನು ನೋಡಿಕೊಂಡವರು, ಓಲೆ ಬಂದ ಮೇಲೆ ಅವಳ ಕಿವಿಗೆ ಅಂಟಿಸಿದವರು ಅವರೇ. ಒಂದು ಬೆಳಗ್ಗೆ ಎದೆ ಹಿಡಿದಂತಾಯಿತು ಅಂತ ಆಟೋ ತರಿಸಿದರು. "ಬರ್ತೀನಿ ಗಂಗಾ" ಅಂತ ಹೇಳಿ ಹೊರಟರು. ಮೈಸೂರು ಮುಟ್ಟುವ ಹೊತ್ತಿಗೆ ಇರಲಿಲ್ಲ.

ನಾನೇ ಬಂದು ಅಕ್ಕನಿಗೆ ಹೇಳಿದೆ. ಅತ್ತಳು. ಮಣ್ಣು ಮಾಡಿ ಬಂದೆವು. ಮರುದಿನ ಬೆಳಗ್ಗೆ ನಾನು ಅಡುಗೆಮನೆಯ ಮೂಲೆಯಲ್ಲಿ ಜೀವ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದೆ. ಈಗ ಎದ್ದು ಬರುತ್ತಾಳೆ, ನಿಮ್ಮ ಭಾವ ಎಲ್ಲೇ ಅನ್ನುತ್ತಾಳೆ, ಇನ್ನೊಂದು ಸುತ್ತು ಶುರುವಾಗುತ್ತದೆ. ಅಕ್ಕ ಬಂದಳು. ನನ್ನ ಮುಖ ನೋಡಿದಳು. "ನಿನ್ನೆಯಿಂದ ಏನೂ ತಿಂದಿಲ್ಲ ಕಣೆ ನೀನು. ಅವರು ಹೋದ್ರು ಅಂತ ನಾವೂ ಸಾಯಕ್ಕಾಗುತ್ತಾ? ಮುಖ ತೊಳ್ಕೊಂಡು ಬಾ" ಅಂದಳು.

ನೆನಪಿತ್ತು! ಅವಳಿಗೆ ನೆನಪಿತ್ತು! ನಾನು ಬಚ್ಚಲಿಗೆ ಹೋಗಿ ಬಾಯಿಗೆ ಬಟ್ಟೆ ತುರುಕಿಕೊಂಡು ಅತ್ತೆ. ದುಃಖಕ್ಕಲ್ಲ, ಎರಡನೇ ಸಲ ಹೇಳಬೇಕಾಗಲಿಲ್ಲವಲ್ಲ ಅಂತ.

ಮೈಸೂರಿನ ಬಾಡಿಗೆ ಮನೆ ಬಿಟ್ಟು ಅಕ್ಕನ ಜೊತೆ ಇರಲು ಬಂದೆ. ಆಮೇಲೆ ನೋಡಿದರೆ ಲೋಟಗಳು. ಗ್ಯಾಸಿನವನು, ಮೀಟರ್ ಓದುವ ಹೆಂಗಸು, ಪಕ್ಕದ ಮನೆಯ ಚೆನ್ನಾಜಮ್ಮ, ಮಾತಾಡಿಸಲು ಬಂದ ನೆಂಟರು, ಎಲ್ಲರೂ ಒಳಗಿನ ರೂಮಿನಲ್ಲಿ ಕೂತಿದ್ದಾರೆ ಅಂತ ಅಕ್ಕನಿಗೆ ಅನ್ನಿಸುತ್ತಿತ್ತು. ಬಾಗಿಲಿಗೆ ಚಿಲಕ ಹಾಕಲು ಬಿಡುತ್ತಿರಲಿಲ್ಲ. ಮನೆಯಲ್ಲಿ ಜನ ಇರುವಾಗ ಕಾಲು ಚಾಚಿ ಮಲಗುವುದು ಹೇಗೆ ಅಂತ ಸೆರಗು ಹೊದ್ದು ಗೋಡೆಗೆ ಒರಗಿ ಕೂತಿರುತ್ತಿದ್ದಳು. ಎದ್ದು ರೂಮಿನತ್ತ ಹೋಗುತ್ತಾಳೆ, ಇಣುಕುತ್ತಾಳೆ, ಬರುತ್ತಾಳೆ, ಮತ್ತೆ ಹೋಗುತ್ತಾಳೆ. ಕಣ್ಣ ಕೆಳಗೆ ಕಪ್ಪು. ಡಾಕ್ಟರು ಅವಳ ಬಿ.ಪಿ. ನೋಡಿ ಪಟ್ಟಿಯನ್ನು ಎರಡು ಸಲ ಬಿಚ್ಚಿ ಕಟ್ಟಿದರು. "ಹೀಗೇ ಇನ್ನೊಂದು ತಿಂಗಳು ನಿದ್ದೆಗೆಟ್ರೆ ಇವರ ಹೃದಯ ತಡೆಯಲ್ಲ" ಅಂದರು.

ಒಂಬತ್ತು ಲೋಟಗಳಲ್ಲಿ ಒಂದು ಭಾವನ ಹಿತ್ತಾಳೆ ಲೋಟ.

"ಅಕ್ಕಾ, ಭಾವ ತೀರಿಕೊಂಡ್ರಲ್ಲಕ್ಕ" ಅಂದೆ ಒಂದು ದಿನ, ಮೆಲ್ಲಗೆ.

"ಗೊತ್ತು ಕಣೆ. ನಾನೇನು ಮರೆತಿದ್ದೀನಾ?"

"ಮತ್ತೆ ಈ ಲೋಟ?"

"ಬರ್ತೀನಿ ಅಂದವ್ರಲ್ಲ" ಅಂದಳು, ನಾನೇ ದಡ್ಡಿ ಅನ್ನುವ ಹಾಗೆ.

ಮಂಡ್ಯದ ದೂರು ಬಂದಾಗ ನನಗೆ ಎಲ್ಲ ಅರ್ಥವಾಯಿತು. ಯಾರ ಚೀಟಿಯೂ ಮುಚ್ಚುತ್ತಿಲ್ಲ. ಸಾವಿನ ಸುದ್ದಿ ಹೇಳಿದ ನನ್ನ ಚೀಟಿಯೂ ಮುಚ್ಚಿಲ್ಲ, ಬರ್ತೀನಿ ಅಂದ ಭಾವನ ಚೀಟಿಯೂ ಮುಚ್ಚಿಲ್ಲ. ದೂರು ಮೇಲಕ್ಕೆ ಹೋದರೆ ಸರಿಪಡಿಸುತ್ತಾರೆ. ಸರಿಪಡಿಸಿದರೆ ನನ್ನ ಚೀಟಿ ಅಳಿಸುತ್ತದೆ, ಮರುದಿನ ಅಕ್ಕ "ನಿಮ್ಮ ಭಾವ ಎಲ್ಲೇ?" ಅನ್ನುತ್ತಾಳೆ. ಅದಕ್ಕೇ ಮುಚ್ಚಿಟ್ಟೆ. ಅಕ್ಕನ ನಿದ್ದೆ ಹಾಳಾಗುತ್ತಿರುವುದನ್ನು ಕಣ್ಣಾರೆ ಕಾಣುತ್ತಾ ಒಂಬತ್ತು ದಿನ, ಹದಿನಾಲ್ಕು ದೂರು ಮುಚ್ಚಿದೆ.

ಇಮ್ತಿಯಾಜ್ ಕಂಡುಹಿಡಿದೇಬಿಟ್ಟ. ಬುಧವಾರ ಊಟದ ಹೊತ್ತಿಗೆ ಕಾಗದದ ಒಂದು ಕಂತೆ ಹಿಡಿದುಕೊಂಡು ಬಂದ. ಒಳಗಿನ ಮಾತು ನಾವು ಕೇಳುವಂತಿಲ್ಲ, ಚೀಟಿಯ ಕಟ್ಟಕಡೆಯ ಮಾತನ್ನಷ್ಟೇ ನೋಡಬಹುದು.

"ಓದಿ ಮೇಡಂ. ಬರ್ತೀನಿ. ಬರ್ತೀನಿ. ಬತ್ತೀನಿ ಕಣವ್ವ. ಬರ್ಲಾ? ಬರ್ತೀವಿ, ಆಯ್ತಾ? ಮೂರು ಸಾವಿರ ಚೀಟಿ! ಮೇಲಿನ ಆಫೀಸಿನೋರು ಹೊರಡೋ ಮಾತಿನ ಪಟ್ಟಿ ಇಂಗ್ಲಿಷಿಂದ ಇಳಿಸವ್ರೆ. 'ವಿದಾಯ', 'ಶುಭರಾತ್ರಿ', 'ನಾನು ಹೋಗುತ್ತೇನೆ'. ಯಾವ ಮನೇಲಿ ಮೇಡಂ ಹೋಗ್ತೀನಿ ಅಂತಾರೆ? ಅಂದ್ರೆ ಹಲ್ಲು ಉದುರಿಸ್ತಾರೆ. ನಮ್ಮ ಉರ್ದೂಲೂ ಹಂಗೇ, ಬರ್ತೀನಿ ಅಂತ್ಲೇ ಹೇಳ್ಬೇಕು."

"ಒಬ್ಬರೂ ಹೋಗ್ತೀನಿ ಅಂದಿಲ್ವಾ?"

"ಒಬ್ಬ ಅಂದವ್ನೆ. ಅತ್ತೆ ಮನೇಲಿ ಜಗಳ ಆಡ್ಕೊಂಡು ಎದ್ದ ಅಳಿಯ. ಅವನ ಚೀಟಿ ಮಾತ್ರ ಜಮ್ಮಂತ ಮುಚ್ಚಿದೆ." ನಗುತ್ತಲೇ ಇನ್ನೊಂದು ಹಾಳೆ ತಿರುವಿದ. "ಇನ್ನೂ ಮಜಾ ಕೇಳಿ. ಓಲೆ ಹಾಕ್ಕೊಂಡೋರೂ ಬಂದೋರನ್ನ ಕಳಿಸಬಹುದು. ಯಾರನ್ನ ಮನಸ್ಸಲ್ಲಿ ಇಟ್ಕೊಂಡು 'ಹೋಗಿ' ಅಂತಾರೋ ಅವರ ಚೀಟಿ ಮುಚ್ಚುತ್ತೆ. ಆದ್ರೆ ನಮ್ಮೋರು ಬರೀ ಹೋಗಿ ಅಂತಾರಾ? 'ಹೋಗಿ ಬನ್ನಿ' ಅಂತಾರೆ. ಪೂರ್ತಿ ಮುಚ್ಚಕ್ಕೆ ಅರ್ಧ ನಿಮಿಷ ಬೇಕು, ಹೋಗಿ ಅಂದಾಗ ಮುಚ್ಚಕ್ಕೆ ಹೊರಟಿದ್ದು ಬನ್ನಿ ಅಂದ ತಕ್ಷಣ ಮತ್ತೆ ತೆರ್ಕೊಳ್ಳುತ್ತೆ."

ನಾನು ನಗಲಿಲ್ಲ. ಅವನು ಮೂರನೇ ಹಾಳೆ ನನ್ನ ಮುಂದಿಟ್ಟ. ಅದರಲ್ಲಿ ನಾನು ಮುಚ್ಚಿದ ಹದಿನಾಲ್ಕು ದೂರುಗಳಿದ್ದವು, ಪ್ರತಿಯೊಂದರ ಪಕ್ಕ ನನ್ನ ಹೆಸರು.

"ಗೊತ್ತಿದ್ದೂ ಮುಚ್ಚಿದ್ರಾ ಮೇಡಂ?"

"ಹೂಂ" ಅಂದೆ. ಎಲ್ಲ ಹೇಳಿದೆ. ಅವ್ವ ಹನ್ನೊಂದು ಸಲ ಸತ್ತದ್ದನ್ನೂ ಹೇಳಿದೆ. ಅವನು ಕಾಗದಗಳನ್ನು ಜೋಡಿಸುತ್ತಾ ಕೂತ. ಬೈದಿದ್ದರೆ ನನಗೇ ಹಗುರವಾಗುತ್ತಿತ್ತು.

ಅಂದೇ ಮಧ್ಯಾಹ್ನ ಮೇಲಿನ ಆಫೀಸಿನ ವಾಗೀಶ್ ಪರದೆಯ ಮೇಲೆ ಬಂದ. ಎರಡೇ ಮಾತಿನಲ್ಲಿ ತೀರ್ಮಾನ ಹೇಳಿದ. ಬರ್ತೀನಿ ಅನ್ನುವ ಮಾತನ್ನು ಹೊರಡುವ ಪಟ್ಟಿಗೆ ಸೇರಿಸುತ್ತಾರೆ. ಶುಕ್ರವಾರ ಸಂಜೆ ಆರಕ್ಕೆ ಎಲ್ಲ ಓಲೆಗಳಿಗೂ ತಿದ್ದುಪಡಿ ಹೋಗುತ್ತದೆ. ಹಳೆಯ ಚೀಟಿಗಳಲ್ಲಿ ಕೊನೆಯ ಮಾತು ಬರ್ತೀನಿ ಅಂತಿದ್ದರೆ ಅವೂ ಆ ಕ್ಷಣ ಅಳಿಸುತ್ತವೆ.

"ಸಾವಿನ ಸುದ್ದಿ ಕೇಳಿ ತಡ್ಕೊಂಡಿರೋರು ಇರ್ತಾರೆ. ಅವರಿಗೆ ಮತ್ತೆ ಹೊಸದಾಗಿ ಹೇಳ್ಬೇಕಾ?" ಅಂದೆ.

"ತಾರೀಖಿನ ಚೀಟೀಲಿ ಒಂದು ಸಾಲು ಹಾಕ್ಬಿಡಿ ಮೇಡಂ. 'ಪತಿ ನಿಧನ' ಅಂತ. ಬೆಳಗ್ಗೆ ಎದ್ದ ತಕ್ಷಣ ಅವರಿಗೇ ಗೊತ್ತಾಗುತ್ತೆ."

"ಅದೇನ್ರೀ ಬಸ್‌ಸ್ಟ್ಯಾಂಡಿನ ಬೋರ್ಡಾ, ದಿನಾ ಎದ್ದು ಓದ್ಕೊಳ್ಳೋಕೆ?" ಅಂತ ಕಿರುಚಿದೆ. ನನಗೆ ಸಿಟ್ಟು ಬಂದರೆ ಮುಂದೇನು ಹೇಳುತ್ತೇನೆ ಅಂತ ನನಗೇ ಗೊತ್ತಿರುವುದಿಲ್ಲ. ಇಮ್ತಿಯಾಜ್ ಕೈ ಚಾಚಿ ಮೈಕ್ ಆರಿಸಿದ.

ಆಮೇಲೆ ನನ್ನನ್ನು ಕುರ್ಚಿಯಲ್ಲಿ ಕೂರಿಸಿ ಮೆತ್ತಗೆ ಹೇಳಿದ. "ಮಾತು ಮುಗಿದ ಚೀಟಿ ತಾನೆ ಮೇಡಂ ಅಳಿಸೋದು? ಆರು ಗಂಟೆ ಹೊಡೆಯುವಾಗ ನೀವು ಅಕ್ಕನ ಎದುರಿಗೆ ಕೂತು ಮಾತಾಡ್ತಾ ಇದ್ರೆ ನಿಮ್ಮ ಚೀಟೀನ ಅದು ಮುಟ್ಟಲ್ಲ. ಇದು ಕಳ್ಳದಾರಿ ಏನಲ್ಲ, ಕಾನೂನೇ ಹಂಗಿದೆ. ಬ್ಯಾಟರಿಗೆ ಇಟ್ಟಿರೋ ಅನುಕೂಲಾನೂ ಹಂಗೇ ಇರುತ್ತೆ, ರಾತ್ರಿ ಆರಿಸಿದ್ರೂ ಬೆಳಗ್ಗೆ ಬಿಟ್ಟಲ್ಲಿಂದಾನೇ ಶುರುವಾಗುತ್ತೆ. ಆದ್ರೆ..."

"ಆದ್ರೆ ಏನು?"

"ಅವತ್ತಿಂದ ನೀವು ನಿಮ್ಮಕ್ಕಂಗೆ ಯಾವತ್ತೂ ಬರ್ತೀನಿ ಅನ್ನಂಗಿಲ್ಲ. ಬಾಯಿತಪ್ಪಿ ಒಂದು ಸಲ ಅಂದ್ರೂ ಅಷ್ಟೂ ಹೋಯ್ತು. ಇನ್ನೊಂದು, ನಿಮ್ಮ ಭಾವಂದು ಉಳಿಸಕ್ಕಾಗಲ್ಲ. ಅವರು ಬರ್ತೀನಿ ಅಂದೇ ಹೋಗಿರೋದು."

ಹದಿನಾಲ್ಕು ದೂರಿನ ಹಾಳೆಯನ್ನು ಅವನು ಹರಿಯಲಿಲ್ಲ. ಸೋಮವಾರ ನಾನೇ ಮೇಲಕ್ಕೆ ಬರೆದು ಕಳಿಸಬೇಕು ಅಂದ. ಆಗಲಿ ಅಂದೆ.

ಶುಕ್ರವಾರ ಮೂರು ಗಂಟೆಗೇ ಹೊರಟೆ. ಬಸ್ಸು ರೈಲ್ವೆ ಗೇಟಿನಲ್ಲಿ ನಿಂತಿತು. ಒಂದು ಗೂಡ್ಸ್ ಹೋಯಿತು, ಗೇಟು ಏಳಲಿಲ್ಲ, ಇನ್ನೊಂದು ಬಂತು. ನಾನು ಸೀಟಿನಿಂದ ಎದ್ದು ಬಾಗಿಲಿಗೆ ಹೋಗುವುದು, ಮತ್ತೆ ಬಂದು ಕೂರುವುದು. "ಯಾಕಮ್ಮಾ ಹಿಂಗಾಡ್ತಿದ್ದೀರಾ, ಹೆರಿಗೆ ಏನಾದ್ರೂ ಇದೆಯಾ ಮನೇಲಿ?" ಅಂತ ಪಕ್ಕದ ಹೆಂಗಸು ಕೇಳಿದಳು. ಮನೆ ಮುಟ್ಟಿದಾಗ ಐದು ಗಂಟೆಗೆ ಐದು ನಿಮಿಷ ಇತ್ತು.

ಅಕ್ಕ ಒಂಬತ್ತು ಲೋಟ ತೊಳೆಯುತ್ತಿದ್ದಳು. ಅವಳನ್ನು ಜಗಲಿಗೆ ಕರೆತಂದು ಕೂರಿಸಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಅಕ್ಕನಿಗೆ ಮರೆವಿದೆಯೇ ಹೊರತು ಬುದ್ಧಿಗೆ ಏನೂ ಆಗಿಲ್ಲ. ಪೂರ್ತಿ ಕೇಳಿಸಿಕೊಂಡಳು.

"ಹಂಗಾದ್ರೆ ಆರು ಗಂಟೆಗೆ ಎಲ್ಲಾ ಎದ್ದು ಹೋಗ್ತಾರೆ?"

"ಹೂಂ ಕಣಕ್ಕ."

"ಅವರೂನಾ?"

ನಾನು ತಲೆ ತಗ್ಗಿಸಿದೆ.

"ಅವರ ಚೀಟೀಲಿ ಎಷ್ಟು ದಿನದ್ದಿದೆ?"

"ಕೊನೇ ಮೂರು ವಾರದ್ದು. ಹಳೇದೆಲ್ಲಾ ನಿನ್ನ ತಲೇಲೇ ಇದೆ ಅಕ್ಕಾ, ಅದನ್ನ ಯಾರೂ ಮುಟ್ಟಲ್ಲ."

ಆಮೇಲೆ ಅಕ್ಕ ಕೇಳಿದ ಪ್ರಶ್ನೆ, ನಾಲ್ಕು ವರ್ಷ ಆ ಕಂಟ್ರೋಲ್ ರೂಮಿನಲ್ಲಿ ತಿರುಗಿದ ನನಗಾಗಲೀ ಇಮ್ತಿಯಾಜನಿಗಾಗಲೀ ಹೊಳೆದಿರಲಿಲ್ಲ. "ಅವರ ಚೀಟೀಲಿರೋದನ್ನ ನಾನು ಈಗ ನಿನಗೆ ಹೇಳಿದ್ರೆ, ಅದು ನಿನ್ನ ಚೀಟಿಗೆ ಬೀಳುತ್ತೆ ತಾನೆ?"

ಹೂಂ ಅಂದೆ. ಬೀಳುತ್ತದೆ. ನನ್ನೆದುರು ಆಡಿದ್ದೆಲ್ಲ ನನ್ನ ಚೀಟಿಯದ್ದೇ.

"ಹಂಗಾದ್ರೆ ಕೂತ್ಕೋ. ಎದ್ದು ಓಡಾಡ್ಬೇಡ" ಅಂದಳು.

ಶುರು ಮಾಡಿದಳು. ಮೂರು ವಾರದ ಗಂಡನನ್ನು ಒಂದು ಗಂಟೆಯೊಳಗೆ ಹೇಳಿ ಮುಗಿಸಬೇಕಿತ್ತು. ಬಸ್ಸಾರಿನಲ್ಲಿ ಉಪ್ಪು ಜಾಸ್ತಿಯಾಗಿದೆ ಅಂತ ತಟ್ಟೆ ದೂಡಿ, ಆಮೇಲೆ ಹೊಟ್ಟೆ ಚುರ್ ಅಂದು ಕದ್ದು ಎದ್ದು ಅದನ್ನೇ ಉಂಡದ್ದು. ಹಿತ್ತಲಿನ ನುಗ್ಗೆಮರಕ್ಕೆ ಹೊಂಗೆ ಹಿಂಡಿ ಹಾಕಿ, ಕಾಯಿ ಬಿಟ್ಟರೆ ಮೊದಲ ಕಾಯಿ ನೀಲಂಗೆ ಅಂದದ್ದು. ಕಾಲುನೋವಿಗೆ ಎಣ್ಣೆ ಹಚ್ಚುತ್ತಾ "ನಿನಗೆ ನಾಳೆ ನೆನಪಿರಲ್ಲ ಅನ್ನೋ ಧೈರ್ಯದ ಮೇಲೆ ಹೇಳ್ತೀನಿ ಗಂಗಾ, ಮದುವೆಗೆ ಮುಂಚೆ ನಂಗೆ ಟಿ. ನರಸೀಪುರದ ಒಬ್ಬ ಹುಡುಗಿ ಮೇಲೆ ಮನಸ್ಸಿತ್ತು" ಅಂತ ನಾಚಿಕೊಂಡದ್ದು.

"ನೆನಪಿರಲ್ಲ ಅಂದ್ಕೊಂಡವ್ರೆ ಮುದುಕ! ನೆನಪಿತ್ತು ನಂಗೆ. ಮಾರನೇ ದಿನ ಪೂರ್ತಿ ಮಾತಾಡ್ಸಲಿಲ್ಲ. ಯಾಕೆ ಅಂತ ಅವರಿಗೆ ತಿಳೀಲೇ ಇಲ್ಲ" ಅಂತ ಅಕ್ಕ ನಕ್ಕಳು. ಆಗಲೇ ಐದೂ ನಲವತ್ತು.

ಕೊನೆಯ ಬೆಳಗ್ಗೆಗೆ ಬಂದಾಗ ದನಿ ತಗ್ಗಿತು. "ಎದೆ ಒತ್ಕೊಂಡೇ ಆಟೋ ಹತ್ತಿದ್ರು. ಬರ್ತೀನಿ ಗಂಗಾ ಅಂದ್ರು. ಹತ್ತಿ ಕೂತೋರು ಆಟೋ ಪಕ್ಕಕ್ಕೆ ಎರಡು ಸಲ ತಟ್ಟಿ, 'ರೈಟ್!' ಅಂದ್ಬಿಟ್ರು ಕಣೆ. ಅಷ್ಟು ನೋವಲ್ಲೂ ಕಂಡಕ್ಟರ್ ಬುದ್ಧಿ. ನಂಗೆ ನಗು ಬಂತು. ಸಾಯಕ್ಕೆ ಹೋಗ್ತಿರೋ ಗಂಡನ್ನ ನಗ್ತಾ ಕಳಿಸಿದೆನಲ್ಲೇ ನೀಲಾ!" ಅಂತ ನನ್ನ ಕೈ ಹಿಡಿದುಕೊಂಡು ಅತ್ತಳು. ನಾನೂ ಅತ್ತೆ. ಅಳುತ್ತಲೇ ಗಡಿಯಾರ ನೋಡಿದೆ.

ಹತ್ತು ನಿಮಿಷ ಉಳಿದಿತ್ತು. ಅಕ್ಕ ಕಣ್ಣೊರೆಸಿಕೊಂಡು ಎದ್ದು ಒಳಗೆ ಹೋದಳು. ಕಾಫಿ ಕಾಯಿಸಿ ಹಿತ್ತಾಳೆ ಲೋಟಕ್ಕೆ ಬಗ್ಗಿಸಿಕೊಂಡು ಬಂದು, ಜಗಲಿಯಲ್ಲಿ ಭಾವ ಶೂ ಕಟ್ಟಿಕೊಳ್ಳುತ್ತಿದ್ದ ಸ್ಟೂಲಿನ ಮೇಲೆ ಇಟ್ಟಳು.

"ಉಳಿದೋರನ್ನ ಯಂತ್ರ ಕಳಿಸ್ಲಿ. ಇವರನ್ನ ಯಂತ್ರ ಕಳಿಸೋದು ಬೇಡ. ಮೂವತ್ತೆಂಟು ವರ್ಷ ಡ್ಯೂಟಿಗೆ ಕಳಿಸ್ದೋಳು ನಾನು."

ಸೆರಗು ಸರಿಮಾಡಿಕೊಂಡು ಸ್ಟೂಲಿನ ಎದುರು ನಿಂತಳು. ಒಂದು ಸಲ ನನ್ನತ್ತ ನೋಡಿದಳು. ಯಾವ ಹೆಂಗಸೂ ಮನೆ ಬಾಗಿಲಿನಲ್ಲಿ ನಿಂತು ಗಂಡನಿಗೆ ಹೇಳದ ಮಾತದು. 'ಬೇಡ ಅಕ್ಕಾ' ಅನ್ನಬೇಕೆನಿಸಿತು ನನಗೆ.

"ಹೋಗಿ" ಅಂದಳು.

ತುಟಿ ಇನ್ನೊಂದು ಮಾತಿಗೆ ಕೂಡಿಕೊಂಡಿತು. ಅರವತ್ತೈದು ವರ್ಷದ ರೂಢಿ. ಅಕ್ಕ ಸೆರಗಿನಿಂದ ಬಾಯನ್ನು ಗಟ್ಟಿಯಾಗಿ ಮುಚ್ಚಿಕೊಂಡು ಹಾಗೇ ನಿಂತಳು. ನಾನು ಮನಸ್ಸಿನಲ್ಲೇ ಎಣಿಸಿದೆ. ಇಪ್ಪತ್ತೆಂಟಕ್ಕೆ ಬಂದಾಗ ನನ್ನ ಫೋನು ಗುರ್ ಅಂದಿತು. ಕಂಟ್ರೋಲ್ ರೂಮಿನಲ್ಲಿ ಅಕ್ಕನ ಓಲೆಯ ಮೇಲೆ ಕಣ್ಣಿಟ್ಟು ಕೂತಿದ್ದ ಇಮ್ತಿಯಾಜನ ಸಂದೇಶ: 'ಒಂದು ಚೀಟಿ ಮುಚ್ಚಿತು ಮೇಡಂ. ಮಹದೇವಸ್ವಾಮಿ.'

ಅಕ್ಕ ಒಳಗಿನ ರೂಮಿನತ್ತ ತಿರುಗಿ ಕಿವಿಗೊಟ್ಟಳು. "ಇಲ್ಲ ಕಣೆ. ಅವರಿಲ್ಲ" ಅಂದಳು. ಸ್ಟೂಲಿನ ಪಕ್ಕದಲ್ಲೇ ಕೂತು, ಆ ಕಾಫಿಯನ್ನು ತಾನೇ ಕುಡಿಯತೊಡಗಿದಳು.

ಇನ್ನು ನಾನು ಮಾತಾಡಬೇಕಿತ್ತು. ಆರು ದಾಟುವವರೆಗೆ ಬಾಯಿ ನಿಲ್ಲಿಸುವಂತಿಲ್ಲ. ಬೇರೆ ದಿನ ಸುಮ್ಮನಿರು ಅಂದರೂ ಸುಮ್ಮನಿರದ ನನಗೆ ಅವತ್ತು ಒಂದು ಮಾತೂ ಸಿಗಲೊಲ್ಲದು! "ಅಕ್ಕಾ, ಬದನೆಕಾಯಿ... ಬದನೆಕಾಯಿ ಎಳೇದಿತ್ತು ಇವತ್ತು ಮಾರ್ಕೆಟ್ಟಲ್ಲಿ" ಅಂದೆ. "ಬಸ್ಸು ಗೇಟಲ್ಲಿ ನಿಂತ್ಬಿಡ್ತು, ಇನ್ನೊಂದು ಬಸ್ಸು ಬರ್..." ಅಂದು ನಾಲಿಗೆ ಕಚ್ಚಿಕೊಂಡೆ. ರಕ್ತ ಬಂತು. "ಇನ್ನೊಂದು ಬಸ್ಸು ಇರಲಿಲ್ಲ" ಅಂದೆ. ನುಗ್ಗೆಮರ, ಚೆನ್ನಾಜಮ್ಮನ ಸೊಸೆ, ಇಮ್ತಿಯಾಜನ ಕನ್ನಡಕ, ಬಾಯಿಗೆ ಸಿಕ್ಕಿದ್ದೆಲ್ಲ ಆಡಿದೆ. ಒಳಗೆ ಗಡಿಯಾರ ಆರು ಹೊಡೆಯಿತು. ನಾನು ನಿಲ್ಲಿಸಲಿಲ್ಲ.

"ಸಾಕು ನಿಲ್ಲಿಸೇ, ತಲೆ ತಿಂತೀಯ" ಅಂದಳು ಅಕ್ಕ. ಸುತ್ತ ನೋಡಿದಳು. "ಎಲ್ಲಾ ಹೋದ್ರು. ಮನೆ ಎಷ್ಟು ದೊಡ್ಡದಾಗಿದೆ ನೋಡು."

"ಅಕ್ಕಾ," ಅಂದೆ ಮೆಲ್ಲಗೆ. "ಭಾವ ಎಲ್ಲಿ?"

ಅಕ್ಕ ನನ್ನನ್ನು ದುರುಗುಟ್ಟಿ ನೋಡಿದಳು. "ಈಗ ತಾನೆ ಕಳಿಸ್ದೆನಲ್ಲೇ. ನಿನಗೂ ಮರೆವು ಶುರುವಾಯ್ತಾ?"

ಅವತ್ತು ಅವಳೇ ಎದ್ದು ಹೋಗಿ ಬಾಗಿಲಿಗೆ ಚಿಲಕ ಹಾಕಿದಳು. ಚಾಪೆ ಹಾಸಿಕೊಂಡು ಕಾಲು ಚಾಚಿ ಮಲಗಿದವಳು ಬಿಸಿಲು ಬಂದ ಮೇಲೇ ಎದ್ದದ್ದು. ಕಟ್ಟೆಯ ಮೇಲೆ ಎರಡು ಲೋಟ ಇಟ್ಟಳು.

ಶನಿವಾರವೂ ನನಗೆ ಪಾಳಿಯಿತ್ತು. ಚೀಲ ಹೆಗಲಿಗೇರಿಸಿ ಗೇಟಿಗೆ ಬಂದೆ. ಅಕ್ಕ ದಿನದ ಹಾಗೆ ಹಿಂದೆಯೇ ಬಂದು ನಿಂತಳು. ಹೇಳದೆ ಹೊರಡುವುದು ಸಾವಿನ ಮನೆಯಿಂದ ಮಾತ್ರ. ಐವತ್ನಾಲ್ಕು ವರ್ಷ ಒಂದು ದಿನವೂ ಹೇಳದೆ ಹೊಸ್ತಿಲು ದಾಟಿದವಳಲ್ಲ ನಾನು. ಆ ಮಾತು ತಾನಾಗಿಯೇ ಗಂಟಲಿಗೆ ಬಂದು ನಿಂತಿತ್ತು. ನಿನ್ನೆ ಕಚ್ಚಿಕೊಂಡ ನಾಲಿಗೆ ಇನ್ನೂ ಉರಿಯುತ್ತಿತ್ತು. ಈ ಒಂದು ಮಾತು ಬಾಯಿ ತಪ್ಪಿದರೆ ಭಾವನ ಸಾವೂ ಹೋಯಿತು, ನುಗ್ಗೆಮರವೂ ಹೋಯಿತು, ಟಿ. ನರಸೀಪುರದ ಹುಡುಗಿಯೂ ಹೋದಳು. ಇನ್ನು ಬದುಕಿರುವಷ್ಟು ದಿನ ಪ್ರತಿ ಬೆಳಗ್ಗೆ ಇದೇ ಗೇಟಿನಲ್ಲಿ ಹೀಗೆ ಬಾಯಿ ಮುಚ್ಚಿಕೊಂಡು ನಿಲ್ಲಬೇಕು. ಭಯವಾಯಿತು, ನಿಜ ಹೇಳುತ್ತೇನೆ. ಮುಖ ತಿರುಗಿಸಿಕೊಂಡು ಸುಮ್ಮನೆ ನಡೆದುಬಿಡೋಣ ಅಂದುಕೊಂಡು ಚೀಲವನ್ನು ಆ ಹೆಗಲಿಗೆ ಬದಲಿಸಿದೆ, ಮತ್ತೆ ಈ ಹೆಗಲಿಗೆ ತಂದೆ.

ಅಕ್ಕ ನನ್ನ ಒದ್ದಾಟವನ್ನು ನೋಡುತ್ತಲೇ ಇದ್ದಳು.

"ಹೇಳ್ಬೇಡ" ಅಂದಳು. "ನೀನು ಎಲ್ಲಿ ಹೋದ್ರೂ ನಂಗೆ ಒಳಗಿನ ರೂಮಲ್ಲೇ ಇರ್ತೀಯ."

ಗೇಟು ತೆಗೆದು ನನ್ನನ್ನು ಆಚೆಗೆ ಬಿಟ್ಟಳು. ಆಮೇಲೆ ಅಂಗೈಯಿಂದ ಗೇಟಿನ ತಗಡಿಗೆ ದಡ್ ದಡ್ ಅಂತ ಎರಡು ಸಲ ತಟ್ಟಿ, ಇಡೀ ಬೀದಿಗೆ ಕೇಳುವ ಹಾಗೆ ಕೂಗಿದಳು:

"ರೈಟ್!"